ಡೊಂಕು ನೆಲದ ಮೇಲೆ ನಾಲ್ಕು ಕಾಲು

ನಾನು ಒಂದು ಸ್ನಾನದ ತೊಟ್ಟಿ. ಈಗಿನ ಪ್ಲಾಸ್ಟಿಕ್ಕಿನ ಹಗುರ ಸರಕಲ್ಲ, ಎರಕದ ಕಬ್ಬಿಣದ ಆಳು. ಆರು ಜನ ಹಮಾಲರು ಹೆಗಲು ಕೊಡದೆ ಇದ್ದಲ್ಲಿಂದ ಅಲುಗಿದವನಲ್ಲ. ಮನುಷ್ಯರನ್ನು ನಾನು ಬಲು ಹತ್ತಿರದಿಂದ ಬಲ್ಲೆ, ಅದೂ ಕೆಳಗಿನಿಂದ. ಕೆಳಗಿನಿಂದ ನೋಡಿದರೆ ಮನುಷ್ಯನಲ್ಲಿ ಮೊದಲು ಕಾಣುವುದು ಮೂಗಿನ ಹೊಳ್ಳೆ, ಆಮೇಲೆ ಜಂಬ, ಮುಖ ಎಲ್ಲಕ್ಕಿಂತ ಕಡೆಗೆ. ಆದ್ದರಿಂದ ನನ್ನ ಮಾತು ಒರಟಾಗಿ ಕೇಳಿದರೆ ತಪ್ಪು ನನ್ನದಲ್ಲ, ನನ್ನ ಜಾಗದ್ದು.

ಮರಳಿನ ಅಚ್ಚಿಗೆ ಕಾದ ಕಬ್ಬಿಣ ಹೊಯ್ದು ನನ್ನನ್ನು ಮಾಡಿದರು. ತಣಿದ ಮೇಲೆ ಅಚ್ಚು ಒಡೆದರು, ಒಳಮೈಗೆ ಗಾಜಿನ ಪುಡಿ ಉದುರಿಸಿ ಮತ್ತೆ ಕುಲುಮೆಗೆ ತಳ್ಳಿ ಹಾಲುಬಿಳುಪು ಮಾಡಿದರು. ಕೊನೆಗೆ ನಾಲ್ಕು ಕಾಲು ಜೋಡಿಸಿದರು. ಸಿಂಹದ ಪಾದವಂತೆ. ಮಾಡಿದವನು ಸಿಂಹವನ್ನು ಕಂಡಿರಲಿಲ್ಲ, ಬೆಕ್ಕನ್ನು ನೋಡಿ ಮಾಡಿದ್ದ. ಆದರೂ ಆ ಕಾರ್ಖಾನೆಯ ಮುದುಕ ಮಿಸ್ತ್ರಿ ಒಬ್ಬ ಇದ್ದ, ಕೆಲಸ ತಿಳಿದವನು. ನನ್ನನ್ನು ಸಪಾಟಾದ ಕಬ್ಬಿಣದ ಹಾಸಿನ ಮೇಲೆ ಇಳಿಸಿ, ಅಂಚಿನ ಮೇಲೆ ಓರೆಕೋರೆ ನೋಡುವ ರಸಮಟ್ಟ ಇಟ್ಟ. ಗಾಜಿನ ನಳಿಗೆಯೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಂತಿತು. ನಾಲ್ಕೂ ಕಾಲು ಏಕಕಾಲಕ್ಕೆ ಊರಿದ್ದವು. ಹಾಗೆ ನಿಲ್ಲುವ ಭಾಗ್ಯ ಮತ್ತೆ ಸಿಗುವುದಕ್ಕೆ ಐವತ್ತು ವರ್ಷ ಕಾಯಬೇಕೆಂದು ಆಗ ಗೊತ್ತಿರಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಕೂರುತ್ತದೆ, ನೆಲ ಹೇಗಿದ್ದರೂ ತಲೆದೂಗುತ್ತದೆ. ನಾಲ್ಕು ಕಾಲಿನವನಿಗೆ ಆ ಸೌಕರ್ಯ ಇಲ್ಲ. ನೆಲ ಡೊಂಕಿದ್ದರೆ ಅಲುಗಾಡಿಯೇ ತೋರಿಸಬೇಕಾಗುತ್ತದೆ. ಇದನ್ನು ಜನ ನನ್ನ ದೋಷ ಎಂದರು. ನಿಜ ಹೇಳುವವನ ಕಾಲು ಗಟ್ಟಿಯಿಲ್ಲ ಎನ್ನುವುದು ಅವರ ಹಳೆಯ ಪದ್ಧತಿ.

ಮೊದಲು ಹೋದದ್ದು ಹತ್ತಿಗೆ ಹೆಸರಾದ ಒಂದು ಬಯಲುಸೀಮೆಯ ಪಟ್ಟಣಕ್ಕೆ, ಅಲ್ಲಿನ ಗಿರಣಿಯ ಅತಿಥಿಗೃಹಕ್ಕೆ. ದೊಡ್ಡ ದೊಡ್ಡವರು ಬಂದು ನನ್ನಲ್ಲಿ ಮೈ ಚಾಚಿ ಮೀಯುತ್ತಾರೆ ಎಂದು ಹಿಗ್ಗಿದೆ. ಬಂದರು, ಅಂಚಿನ ತನಕ ನೀರು ತುಂಬಿಸಿದರು, ಪಕ್ಕದಲ್ಲಿ ನಿಂತು ತಂಬಿಗೆಯಿಂದ ಮೊಗೆದು ಸುರಿದುಕೊಂಡು ಹೋದರು. ನಾನು ಅವರ ಪಾಲಿಗೆ ನೀರು ತುಂಬಿಡುವ ಒಂದು ಬೆಳ್ಳನೆಯ ಹಂಡೆ, ಅಷ್ಟೇ. ಬೇಸಿಗೆಯಲ್ಲಿ ಮಾವಿನಹಣ್ಣು ತಂಪಿಗೆ ಹಾಕುತ್ತಿದ್ದರು. ಕಾವಲುಗಾರ ತನ್ನ ನಾಯಿಯನ್ನು ತೊಳೆಯುತ್ತಿದ್ದ. ಅಲ್ಲಿ ನನ್ನೊಳಗೆ ಉದ್ದಕ್ಕೆ ಮಲಗಿ ಮಿಂದ ಏಕೈಕ ಪ್ರಾಣಿ ಆ ನಾಯಿ.

ಗಿರಣಿ ಮುಚ್ಚಿತು. ಮೋಡಕಾ ವ್ಯಾಪಾರಿಯೊಬ್ಬ ನನ್ನನ್ನು ತನ್ನ ಗುಜರಿ ಅಂಗಳಕ್ಕೆ ಎಳೆದೊಯ್ದು ತುಕ್ಕು ಹಿಡಿದ ನಟ್ಟು ಬೋಲ್ಟು ತುಂಬಿಸಿಟ್ಟ. ಒಂದು ಕೋಳಿ ಅದರ ಮೇಲೆ ಮೊಟ್ಟೆ ಇಡುತ್ತಿತ್ತು. ಅಲ್ಲಿಗೆ ಒಂದು ದಿನ ವೀರಬಸಪ್ಪ ಬಂದ.

ವೀರಬಸಪ್ಪ ಸರಕಾರದ ಯಾವುದೋ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಮೂವತ್ತೆರಡು ವರ್ಷ ಇನ್ನೊಬ್ಬರು ಹಾಕಿದ ಕಾಂಕ್ರೀಟಿನ ಮೇಲೆ ನಿಂತು ‘ಪಾಸ್’ ಎಂದು ತಲೆಯಾಡಿಸಿದ್ದೇ ಅವನ ವಿದ್ಯೆ. ನಿವೃತ್ತಿಯ ನಂತರ ಸ್ವಂತ ಮನೆ ಕಟ್ಟಿಸಿದ್ದ. ಬಚ್ಚಲುಮನೆಯ ಕಾಂಕ್ರೀಟನ್ನು ತಾನೇ ಎದುರು ನಿಂತು, ಮಟ್ಟ ಗಿಟ್ಟ ಏನೂ ಇಲ್ಲದೆ, ಕಣ್ಣಳತೆಯಲ್ಲಿ ಹಾಕಿಸಿದ್ದ. ನನ್ನನ್ನು ಕಂಡವನೇ ಕಲ್ಲಂಗಡಿ ಹಣ್ಣು ನೋಡುವಂತೆ ಬೆರಳ ಗಂಟಿನಿಂದ ಕುಟ್ಟಿದ. “ಹಳೇ ಕಾಲದ ಮಾಲು” ಎಂದ. ಕಬ್ಬಿಣ ಕುಟ್ಟಿ ನೋಡುವವರ ಬುದ್ಧಿಯ ಬಗ್ಗೆ ನನಗೆ ಅಂದೇ ಅಂದಾಜು ಸಿಕ್ಕಿತು.

ನನ್ನನ್ನು ಕೊಂಡದ್ದು ಹೆಂಡತಿಯ ಹೆಸರಿನಲ್ಲಿ. ಸಾವಂತ್ರೆವ್ವನ ಎರಡೂ ಮೊಣಕಾಲು ಸೆಟೆಯುತ್ತಿದ್ದವು. ಕೂತರೆ ಏಳಲು ಗೋಡೆ ಬೇಕು, ಎದ್ದರೆ ಕೂರಲು ಕೈ ಬೇಕು. ದಿನಾ ಅರ್ಧ ತಾಸು ಬೆಚ್ಚಗಿನ ನೀರಿನಲ್ಲಿ ಉದ್ದಕ್ಕೆ ಮಲಗಬೇಕು, ಇಲ್ಲವಾದರೆ ಇನ್ನೆರಡು ವರ್ಷದಲ್ಲಿ ಕಾಲು ಪೂರಾ ಹಿಡಿದುಕೊಂಡು ಹಾಸಿಗೆ ಹಿಡಿಯುತ್ತೀರಿ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ವೀರಬಸಪ್ಪ ಆ ಮಾತನ್ನು ಕೇಳಿಸಿಕೊಂಡದ್ದು ಅರ್ಧ. ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲದ ವಸ್ತು ತನ್ನ ಮನೆಗೆ ಬರುತ್ತದೆ ಎಂಬುದು ಅವನ ಕಿವಿಗೆ ಬಿದ್ದ ಅರ್ಧ.

ನನ್ನನ್ನು ಕೂರಿಸಲು ಗೌಂಡಿ ಮೌಲಾಸಾಬನನ್ನು ಕರೆಸಿದರು. ಬಡಕಲು ಮನುಷ್ಯ, ಚೀಲದಲ್ಲಿ ಕರಣೆ, ಉಳಿ, ಸುತ್ತಿಗೆ ಮತ್ತು ಒಂದು ರಸಮಟ್ಟ. ನೆಲಕ್ಕೆ ಆ ಮಟ್ಟ ಇಟ್ಟ. ಗುಳ್ಳೆ ನಾಯಿ ಅಟ್ಟಿಸಿಕೊಂಡು ಬಂದಂತೆ ಒಂದು ಕಡೆಗೆ ಓಡಿತು. ಮೌಲಾಸಾಬ ಜಾಗ ಬದಲಿಸಿ ಬದಲಿಸಿ ನೋಡಿದ. ಬರಿಗಾಲಿನಿಂದ ನೆಲ ಸವರಿದ.

“ಸಾಹೇಬ್ರ, ನೆಲ ದಕ್ಷಿಣಕ್ಕ ಇಳದೇತ್ರಿ. ಅಲ್ದ, ಈ ಮೂಲ್ಯಾಗ ಕಾಂಕ್ರೀಟಿನ ಒಂದು ಗಂಟು ಎದ್ದೈತಿ.”

“ಯಾರ ಮುಂದ ಹೇಳಾಕತ್ತೀ? ಮೂವತ್ತೆರಡು ವರ್ಷ ನೆಲ ಪಾಸ್ ಮಾಡೇನಿ ನಾ. ನಿನ್ನ ಗುಳ್ಳಿ ಕೆಟ್ಟೈತಿ.”

ಅಷ್ಟಕ್ಕೆ ಬಿಡಲಿಲ್ಲ. ಒಂದು ತಂಬಿಗೆ ನೀರು ತಂದು ನೆಲಕ್ಕೆ ಸುರಿದ. ನೀರು ಸರಸರನೆ ದಕ್ಷಿಣದ ಗೋಡೆಯ ಮೋರಿಗೆ ಹರಿದುಹೋಯಿತು. “ನೋಡು. ತಾನಾಗೇ ಮೋರಿಗೆ ಹೋತಿಲ್ಲೋ? ನೆಲ ಮಟ್ಟ ಇದ್ದದ್ದಕ್ಕ ಹೋತು” ಎಂದ. ನಾನು ಬಾಯಿಲ್ಲದ ಕಬ್ಬಿಣ, ಸುಮ್ಮನಿದ್ದೆ. ಬಾಯಿದ್ದ ಮೌಲಾಸಾಬನೂ ಸುಮ್ಮನೆ ನೀರು ಹೋದ ದಾರಿ ನೋಡುತ್ತಿದ್ದ.

ಆಮೇಲೆ ಆತ ಉಪಾಯ ಹೇಳಿದ. ಗಂಟಿಗೆ ನಾಲ್ಕು ಉಳಿಪೆಟ್ಟು ಹಾಕಿ ಕಡಿಯುವುದು. ನನ್ನನ್ನು ತಿರುಗಿಸಿ ಇಡುವುದು. ನೀರು ಹೋಗುವ ತೂತು ನನ್ನ ಕಾಲ ಕಡೆ ಇದೆ, ಮೋರಿ ದಕ್ಷಿಣದಲ್ಲಿದೆ, ಕಾಲ ಕಡೆ ದಕ್ಷಿಣಕ್ಕೆ ಬಂದರೆ ನೀರು ಹನಿಯೂ ಉಳಿಯದೆ ಹೋಗುತ್ತದೆ. ಉಳಿದ ಓರೆಯನ್ನು ಕಾಲಡಿಗೆ ಸಿಮೆಂಟಿನ ಗದ್ದುಗೆ ಕಟ್ಟಿ ಸರಿ ಮಾಡಬಹುದು. ಐವತ್ತು ವರ್ಷದಲ್ಲಿ ಕೇಳಿದ ಮೊದಲ ತಿಳಿವಿನ ಮಾತು ಅದು.

“ಕಾಲು ದಕ್ಷಿಣಕ್ಕ ಅಂದ್ರ ತಲಿ ಎಲ್ಲಿ ಬರತೈತಿ?” ಎಂದ ವೀರಬಸಪ್ಪ.

“ಉತ್ತರಕ್ಕ ಬರತೈತ್ರಿ.”

“ಉತ್ತರಕ್ಕ ತಲಿ ಮಾಡಿ ನನ್ನ ಹೇಣ್ತಿನ ಮಲಗಸ್ತಿ? ಹೆಣ ಮಲಗಿಸಿದಂಗ?”

ಅಲ್ಲಿಗೆ ಮಾತು ಮುಗಿಯಿತು. ಗಂಟು ಕಡಿಯುವುದಂತೂ ದೂರ. ಗಂಟು ಇದೆ ಎಂದು ಒಪ್ಪಿದರೆ ತಾನೇ ಕಡಿಯುವುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಕೈಗೆ ನಾಲ್ಕು ಕಾಲಿನ ನಾನು ಸಿಕ್ಕಿದ್ದೆ. ತಲೆ ದಕ್ಷಿಣಕ್ಕೆ ಮಾಡಿ ನನ್ನನ್ನು ಇಳಿಸಿದರು. ಒಂದು ಕಾಲು ಗಂಟಿನ ಮೇಲೆ ಏರಿ ಕೂತಿತು, ಒಂದು ಗಾಳಿಯಲ್ಲಿ ತೂಗಾಡಿತು. ವೀರಬಸಪ್ಪನ ಅಪ್ಪಣೆಯಂತೆ ಆ ಕಾಲಿಗೆ ಒಂದು ಒಡಕು ಟೈಲ್ಸಿನ ಚೂರು, ಅದರ ಮೇಲೆ ಮಡಚಿದ ರೆಕ್ಸಿನ್ನು, ಅದೂ ಸಾಲದೆ ಒಂದು ಚಪ್ಪಟೆ ಕಲ್ಲು ತುರುಕಿದರು. ಆಮೇಲೆ ಪೂಜೆ. ಕಾಯಿ ಒಡೆಯಲು ಮನೆಯಲ್ಲಿ ಅಷ್ಟೊಂದು ಕಲ್ಲಿದ್ದರೂ ನನ್ನ ಅಂಚೇ ಬೇಕಾಯಿತು ಆ ಪುಣ್ಯಾತ್ಮನಿಗೆ. ಅಂಗೈಯಗಲ ಬಿಳುಪು ಕಿತ್ತುಹೋಯಿತು.

ಮರುದಿನ ಓಣಿಯವರನ್ನು ಕರೆದು ಪ್ರದರ್ಶನ. ನೀರು ತುಂಬಿಸಿದರು. ನನ್ನ ತಲೆಯ ಕಡೆ ನೀರು ಅಂಚಿಗೆ ಮುಟ್ಟಿ ಹೊರಗೆ ಚೆಲ್ಲಲು ಶುರುವಾಯಿತು, ಕಾಲ ಕಡೆ ಇನ್ನೂ ನಾಲ್ಕು ಬೆರಳು ಕೆಳಗಿತ್ತು. ಮೌಲಾಸಾಬನ ರಸಮಟ್ಟ ಕೆಟ್ಟಿತ್ತಂತೆ, ಸರಿ; ಈಗ ನಾನೇ ಮೂರೂವರೆ ಮೊಳದ ರಸಮಟ್ಟವಾಗಿ ನಿಂತಿದ್ದೆ. ಎದುರು ಮನೆಯ ಗಂಗಣ್ಣ ಮಾಸ್ತರರು ಕನ್ನಡಕ ಏರಿಸಿದರು.

“ಸಾಹೇಬ್ರ, ನೀರು ಒಂದ ಕಡೆ ವಾಲೇತಲ್ರಿ.”

ನೀರು ಎಂದಾದರೂ ವಾಲುತ್ತದೆಯೇ? ಮಾಸ್ತರಿಕೆ ಮಾಡಿದವರ ಪ್ರಶ್ನೆ ಇದು. ಅದಕ್ಕೆ ಇಂಜಿನಿಯರಿಕೆ ಮಾಡಿದವನ ಉತ್ತರ ಇನ್ನೂ ಚೆನ್ನ.

“ಗೌಂಡಿ ಕೈ ಸೊಟ್ಟ ಮಾಸ್ತರ. ಕೂಡ್ರಸಾಕ ಬರಲಿಲ್ಲ. ಮ್ಯಾಲೆ ನನಗ ಹೇಳ್ತಾನ, ನೆಲ ಸರಿ ಇಲ್ಲಂತ. ಕುಣೀಲಾರದಾಕಿ ನೆಲ ಡೊಂಕು ಅಂದಳಂತ.”

ಎಲ್ಲರೂ ನಕ್ಕರು. ಗಾದೆ ಹೇಳಿದರೆ ಜನ ನೆಲ ನೋಡುವುದಿಲ್ಲ. ಮೌಲಾಸಾಬ ಬಾಗಿಲ ಬಳಿ ನಿಂತಿದ್ದ, ಚೀಲದೊಳಗಿನ ಮಟ್ಟದ ಮೇಲೆ ಕೈ ಇತ್ತು. ತೆಗೆದು ನೆಲಕ್ಕೆ ಇಟ್ಟಿದ್ದರೆ ಮುಗಿಯುತ್ತಿತ್ತು. ತೆಗೆಯಲಿಲ್ಲ. ಅವನ ಮೇಲೂ ನನಗೆ ತಿರಸ್ಕಾರ ಹುಟ್ಟಿತು. ಮಾಸ್ತರರ ಮನೆಯಲ್ಲಿ ಅವನಿಗೆ ನಿಗದಿಯಾಗಿದ್ದ ಕೆಲಸ ಆ ವಾರವೇ ತಪ್ಪಿತು. ಸಾವಂತ್ರೆವ್ವ ಒಳಬಾಗಿಲಲ್ಲಿ ಗೋಡೆ ಹಿಡಿದು ನಿಂತು ನೀರಿನ ಗೆರೆಯನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಆಕೆ ಬಂದಳು. ಎಡಗಾಲು ಒಳಗೆ ಇಟ್ಟಳು, ಬಿಸಿ ತಾಗಿ ಮುಖ ಸಡಿಲವಾಯಿತು. ಬಲಗಾಲು ಎತ್ತುವಾಗ ಮೈಭಾರ ಒಂದು ಮಗ್ಗುಲಿಗೆ ಬಿತ್ತು. ಕಲ್ಲು ಜಾರಿತು, ರೆಕ್ಸಿನ್ನು ಹಾರಿತು, ನಾನು ಧಡಕ್ಕನೆ ವಾಲಿದೆ. ಆಕೆ ನಲ್ಲಿಯನ್ನು ತಬ್ಬಿಕೊಂಡದ್ದಕ್ಕೆ ತಲೆ ಉಳಿಯಿತು, ಮೊಣಕಾಲು ಉಳಿಯಲಿಲ್ಲ. ನನ್ನ ಅಂಚಿಗೇ ಬಡಿಯಿತು. ನಾಚಿಕೆ ಎಂದರೇನೆಂದು ನನಗೆ ಅಂದು ತಿಳಿಯಿತು. ಡೊಂಕು ಯಾರದೇ ಇರಲಿ, ಆಕೆಯನ್ನು ಬೀಳಿಸಿದ್ದು ನಾನು.

ಒಂದು ತಿಂಗಳು ಆಕೆ ಏಳಲಿಲ್ಲ. ವೀರಬಸಪ್ಪ ನನ್ನನ್ನು ಅಪಶಕುನದ ವಸ್ತು ಎಂದು ಸಾರಿ, ನೀರು ಬಿಡುವುದನ್ನು ನಿಲ್ಲಿಸಿ, ಹಳೆಯ ಫೈಲುಗಳನ್ನೂ ಮುರುಕು ಕೊಡೆಗಳನ್ನೂ ತಂದು ತುಂಬಿದ. ಅವನು ಪಾಸ್ ಮಾಡಿದ ನೆಲಗಳ ಕಾಗದಗಳೆಲ್ಲ ನನ್ನ ಹೊಟ್ಟೆಯಲ್ಲಿದ್ದವು. ಒಂದೂವರೆ ವರ್ಷ ಹೀಗೇ ಕಳೆಯಿತು. ಸಾವಂತ್ರೆವ್ವ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬಕೆಟ್ಟಿನಿಂದ ಮೀಯುತ್ತಿದ್ದಳು, ನನ್ನ ಅಂಚು ಹಿಡಿದು ಏಳುತ್ತಿದ್ದಳು. ಏಳಲು ಬೇಕಾಗುವ ಹೊತ್ತು ತಿಂಗಳಿಂದ ತಿಂಗಳಿಗೆ ಉದ್ದವಾಯಿತು. ವೈದ್ಯರು ಹೇಳಿದ ಎರಡು ವರ್ಷ ಹತ್ತಿರ ಬರುತ್ತಿತ್ತು. ಒಮ್ಮೆ ಎರಡು ಸಲ ಪ್ರಯತ್ನಿಸಿಯೂ ಏಳಲಾಗದೆ ಹಾಗೇ ಕೂತುಬಿಟ್ಟಳು. “ನಿಂದೇನ ತಪ್ಪೈತಿ ಬಿಡು” ಎಂದಳು. ಯಾರಿಗೆ ಹೇಳಿದಳು ಎಂದು ಮೊದಲು ಗೊತ್ತಾಗಲಿಲ್ಲ. ಅಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ.

ಆ ವರ್ಷ ವೀರಬಸಪ್ಪ ನಿವೃತ್ತ ಗೆಳೆಯರ ಜೊತೆ ಹತ್ತು ದಿನದ ಕಾಶಿಯಾತ್ರೆಗೆ ಹೊರಟ. ಅವನ ಬಸ್ಸು ಊರು ದಾಟುವಷ್ಟರಲ್ಲಿ ಸಾವಂತ್ರೆವ್ವ ಮೌಲಾಸಾಬನಿಗೆ ಫೋನು ಮಾಡಿದ್ದಳು. ಆತ ಬಂದು ಬಚ್ಚಲುಮನೆಯ ಹೊರಗೇ ನಿಂತ.

“ತಿರುಗಿಸಿ ಇಡೋ ಅಣ್ಣಾ. ಅವತ್ತ ನೀ ಹೇಳಿದಂಗ.”

“ಸಾಹೇಬ್ರು ಬಂದ್ರ ಏನಂತಾರ್ರಿ ಅಕ್ಕಾರ? ಮ್ಯಾಲೆ ದಿಕ್ಕಿಂದು. ಉತ್ತರಕ್ಕ ತಲಿ ಮಾಡಬಾರದಂತಲ್ರಿ ನಿಮ್ಮಾಗ.”

ಆಕೆ ಸ್ಟೂಲಿನ ಮೇಲೆ ಕೂತಿದ್ದಳು.

“ನಮ್ಮ ಪೈಕಿ ಸತ್ತವರನ್ನ ಮಲಗಸಂಗಿಲ್ಲೋ ಮೌಲಾಸಾಬಣ್ಣ, ಕುಂಡ್ರಿಸಿ ಮಣ್ಣು ಕೊಡ್ತಾರ. ನಾ ಹಗಲಿನಾಗ ಮಲಗಿದ್ದು ಅಂದ್ರ ಬಾಣಂತಿ ಇದ್ದಾಗ, ಇಲ್ಲೆ ಬಿದ್ದಾಗ, ಅಷ್ಟ. ಈ ತನಕ ಒಲಿ ಮುಂದ ಕುಂತೇನಿ, ಸತ್ತ ಮ್ಯಾಲೂ ಕುಂದರೂದ ಐತಿ. ನಡುವ ಅರ್ಧ ತಾಸು ಮಲಗತೇನಿ. ಅದಕ್ಕ ಯಾವ ದಿಕ್ಕಿನ ಅಂಜಿಕಿ?”

ಮೌಲಾಸಾಬ ಉಳಿ ತೆಗೆದ. ಅವನು ಕರೆಸಿದ ಹಮಾಲರು ಫೈಲುಗಳನ್ನು ಹೊರಗೆ ಸುರಿದು ನನ್ನನ್ನು ಎತ್ತಿ ಆಚೆ ಇಟ್ಟರು. ಆ ಗಂಟಿಗೆ ಬಿದ್ದದ್ದು ಹನ್ನೊಂದು ಪೆಟ್ಟು, ನಾನು ಎಣಿಸಿದ್ದೇನೆ. ಹನ್ನೊಂದನೆಯದಕ್ಕೆ ನಿಂಬೆಹಣ್ಣಿನ ಗಾತ್ರದ ಕಾಂಕ್ರೀಟಿನ ಉಂಡೆ ಕಿತ್ತು ಬಂತು. ಒಂದು ಮನೆಯ ಮರ್ಯಾದೆ, ಒಬ್ಬ ಗೌಂಡಿಯ ಹೆಸರು, ಒಬ್ಬ ಹೆಂಗಸಿನ ಎರಡು ಮೊಣಕಾಲು, ಇಷ್ಟೂ ಅದರ ಮೇಲೆ ನಿಂತಿತ್ತು. ಮೌಲಾಸಾಬ ಅದನ್ನು ಎಸೆಯಹೊರಟಾಗ ಸಾವಂತ್ರೆವ್ವ “ಇಲ್ಲಿ ಕೊಡು” ಎಂದು ಇಸಿದುಕೊಂಡಳು.

ನಾಲ್ಕು ಕಾಲಿಗೆ ನಾಲ್ಕು ಸಿಮೆಂಟಿನ ಗದ್ದುಗೆ ಕಟ್ಟಿದರು. ಒದ್ದೆ ಗೋಣಿತಟ್ಟು ಹೊದಿಸಿ ಮೂರು ದಿನ ಬಿಟ್ಟರು. ನಾಲ್ಕನೆಯ ದಿನ ಮೌಲಾಸಾಬ ನನ್ನನ್ನು ಇಳಿಸಿ, ಅಂಚಿನ ಮೇಲೆ ಮಟ್ಟ ಇಟ್ಟ. ಗುಳ್ಳೆ ಅತ್ತ ನೋಡಿತು, ಇತ್ತ ನೋಡಿತು, ನಡುವೆ ಬಂದು ಕೂತಿತು. ನೀರು ಬಿಟ್ಟಾಗ ಸುತ್ತಲೂ ಒಂದೇ ಎತ್ತರದಲ್ಲಿ ಏರಿತು. ಮೌಲಾಸಾಬ ನೀರಿನ ಗೆರೆಯ ಗುಂಟ ಬೆರಳು ಎಳೆದ.

“ಈಗ ಹೇಳ್ರಿ ಅಕ್ಕಾರ, ಸೊಟ್ಟ ಯಾರದಿತ್ತು?”

“ನನಗ ಅವತ್ತ ಗೊತ್ತಾಗಿತ್ತು.”

“ಮತ್ತ ಯಾಕ ಸುಮ್ಮಿದ್ರಿ?”

“ನೀನೂ ಸುಮ್ಮಿದ್ದಿ.”

ಆತ ಚೀಲ ಹೆಗಲಿಗೇರಿಸಿ ಹೋದ. ಆಕೆ ಬಾಗಿಲು ಹಾಕಿಕೊಂಡಳು. ಎಡಗಾಲು ಇಟ್ಟಳು, ನಿಂತಳು. ಬಲಗಾಲು ಎತ್ತುವ ಮೊದಲು ಅಂಚನ್ನು ಎರಡು ಸಲ ಅಲುಗಿಸಿ ನೋಡಿದಳು. ನಾನು ಬಂಡೆಯಂತೆ ನಿಂತಿದ್ದೆ. ಮೆಲ್ಲಗೆ ಕೂತಳು, ಕಾಲು ಚಾಚಿದಳು, ತಲೆ ಉತ್ತರಕ್ಕೆ ಆನಿಸಿದಳು. ಬಹಳ ಹೊತ್ತು ಕಣ್ಣು ಮುಚ್ಚಲಿಲ್ಲ, ಯಾರಾದರೂ ಕೂಗುತ್ತಾರೆಂದು ಕಾಯುವವಳಂತೆ ಬಾಗಿಲು ನೋಡುತ್ತಿದ್ದಳು. ಯಾರೂ ಕೂಗಲಿಲ್ಲ. ಆಮೇಲೆ ಅತ್ತಳು. ಉಪ್ಪು ನೀರು ನನ್ನ ಬಿಳುಪಿಗೆ ಒಳ್ಳೆಯದಲ್ಲ, ಆದರೂ ಅಂದು ನನಗೆ ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾಶಿಯಿಂದ ಗಂಗೆ ತುಂಬಿದ ಗಿಂಡಿ ಹಿಡಿದು ಬಂದ ವೀರಬಸಪ್ಪ ಬಚ್ಚಲಿಗೆ ಇಣುಕಿದ. ಮೂರನೆಯ ದಿನ ಗಂಗಣ್ಣ ಮಾಸ್ತರರು ಪ್ರಸಾದಕ್ಕೆ ಬಂದಾಗ ಅವರನ್ನು ನನ್ನ ಮುಂದೆ ನಿಲ್ಲಿಸಿಕೊಂಡು ವಿವರಿಸತೊಡಗಿದ.

“ಉತ್ತರದಾಗ ಕಾಂತಶಕ್ತಿ ಇರತೈತಿ ಮಾಸ್ತರ. ಮೊಣಕಾಲಿಗೆ ಭಾಳ ಚಲೋ. ಅದಕ್ಕ ನಾನ ತಿರುಗಿಸಿ ಹಾಕಿಸಿದೆ.”

ಕಾಶಿಯಲ್ಲಿ ಏನೇನೋ ಬಿಟ್ಟು ಬರುತ್ತಾರಂತೆ ಜನ. ಇವನು ಬಿಡಬೇಕಾದ್ದನ್ನು ಜೋಪಾನವಾಗಿ ವಾಪಸು ತಂದಿದ್ದ. ಆಗ ಅಡುಗೆಮನೆಯಿಂದ ಸಾವಂತ್ರೆವ್ವನ ದನಿ ಕೇಳಿತು, ಏರಿದ ದನಿಯಲ್ಲ.

“ಮೌಲಾಸಾಬಣ್ಣ ಮಾಡಿದ್ದರಿ ಮಾಸ್ತರ. ನೆಲದಾಗಿನ ಗಂಟು ಕಡದು ಮಾಡ್ಯಾನ. ಆ ಗಂಟು ಸಾಸಿವಿ ಡಬ್ಬ್ಯಾಗ ಇಟ್ಟೇನಿ. ತಂದು ತೋರಸ್ಲೇನ್ರಿ?”

ಮಾಸ್ತರರು ವೀರಬಸಪ್ಪನನ್ನು ನೋಡಿದರು. ವೀರಬಸಪ್ಪ ಗಿಂಡಿ ನೋಡಿದ. ಡಬ್ಬಿ ತರುವ ಅಗತ್ಯ ಬೀಳಲಿಲ್ಲ. ಮುಂದಿನ ತಿಂಗಳು ಮಾಸ್ತರರ ಮನೆಯ ಮೆಟ್ಟಿಲು ಕಟ್ಟಿದ್ದು ಮೌಲಾಸಾಬನೇ.

ಒಂಬತ್ತು ವರ್ಷ ಆಕೆ ದಿನಾ ಅರ್ಧ ತಾಸು ನನ್ನಲ್ಲಿ ಮಲಗಿದಳು. ಕಾಲು ಹುಡುಗಿಯ ಕಾಲೇನೂ ಆಗಲಿಲ್ಲ. ಆದರೆ ಹಾಸಿಗೆ ಹಿಡಿಯಲಿಲ್ಲ, ಗುಡಿಗೆ ನಡೆದು ಹೋಗಿ ಬರುತ್ತಿದ್ದಳು, ಮಾಸ್ತರರ ಮನೆಯ ಹೊಸ ಮೆಟ್ಟಿಲು ಹತ್ತಿ ಅವರ ಹೆಂಡತಿಯ ಜೊತೆ ಹರಟೆ ಹೊಡೆದು ಬರುತ್ತಿದ್ದಳು. ಮಿಂದ ನೀರನ್ನು ಮೋರಿಯಿಂದ ಹಿತ್ತಲಿನ ತೆಂಗಿಗೆ ತಿರುಗಿಸಿದ್ದಳು. ಆ ಅರ್ಧ ತಾಸು ವೀರಬಸಪ್ಪ ಏನು ಕೂಗಿದರೂ ಓಗೊಡುತ್ತಿರಲಿಲ್ಲ. ತನ್ನ ಚಹಾ ತಾನೇ ಮಾಡಿಕೊಳ್ಳಲು ಅವನು ಕಲಿತದ್ದು ನನ್ನ ದೆಸೆಯಿಂದ.

ಹತ್ತನೆಯ ವರ್ಷ ನಾಲ್ಕು ದಿನದ ಜ್ವರದಲ್ಲಿ ಆಕೆ ತೀರಿಕೊಂಡಳು. ವಿಭೂತಿ ಹಚ್ಚಿ, ಹೇಳಿದಂತೆಯೇ ಕೂರಿಸಿ ಮಣ್ಣು ಕೊಟ್ಟರಂತೆ. ತಿಂಗಳೊಪ್ಪತ್ತಿನಲ್ಲಿ ನನ್ನನ್ನು ಕಿತ್ತು ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಿದರು. ಈಗ ಅಲ್ಲಿಯೇ ಇದ್ದೇನೆ. ಅಂಚಿನ ಗಾಯಕ್ಕೆ ತುಕ್ಕು ಹಿಡಿದಿದೆ, ತಳದಲ್ಲಿ ತೆಂಗಿನ ಗರಿ ಕೊಳೆಯುತ್ತಿದೆ. ಮಣ್ಣಿನ ನೆಲ ಒಳ್ಳೆಯದು. ನಾಲ್ಕು ಮಳೆ ಬಿದ್ದ ಮೇಲೆ ಭಾರ ಬಿದ್ದಲ್ಲಿ ತಾನೇ ತಗ್ಗಿ ನಾಲ್ಕೂ ಕಾಲನ್ನು ಹಿಡಿದುಕೊಂಡಿತು. ಅದಕ್ಕೆ ಯಾರ ಪಾಸೂ ಬೇಕಾಗಲಿಲ್ಲ.

ಮೊನ್ನೆ ಬೆಳಿಗ್ಗೆ ವೀರಬಸಪ್ಪ ಬಂದ. ಆಕೆಯ ಸ್ಟೂಲು ತಂದಿದ್ದ, ಇನ್ನೊಂದು ಕೈಯಲ್ಲಿ ಸಾಸಿವೆಯ ಡಬ್ಬಿ. ಸ್ಟೂಲು ನನ್ನ ಪಕ್ಕಕ್ಕೆ ಹಾಕಿ ಕೂತು ಡಬ್ಬಿಯ ಮುಚ್ಚಳ ತೆಗೆದ. ಕಾಂಕ್ರೀಟಿನ ಉಂಡೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ.

“ಗಂಟು ಇತ್ತು” ಎಂದ.

ಕೇಳಬೇಕಾದವಳು ಹದಿನೆಂಟು ಹೆಜ್ಜೆ ದೂರದ ಅಡುಗೆಮನೆಯಲ್ಲಿ ಇದ್ದಾಗ ಬಾಯಿಗೆ ಬಾರದ ಮಾತನ್ನು ತುಕ್ಕು ಹಿಡಿದ ಕಬ್ಬಿಣದ ಮುಂದೆ ಹೇಳಿದ. ನನಗೆ ಕನಿಕರ ಬರಲಿಲ್ಲ. ಹನ್ನೊಂದು ವರ್ಷ ತಡವಾಗಿ ಬಂದ ಮಾತಿಗೆ ನಾನು ಕನಿಕರ ಪಡುವವನಲ್ಲ.

ಆಮೇಲೆ ಏಳಲು ಹೋದ, ಆಗಲಿಲ್ಲ. ಅವನ ಮೊಣಕಾಲೂ ಈಗ ಹಿಡಿದುಕೊಂಡಿವೆ. ಎರಡನೆಯ ಸಲ ಪ್ರಯತ್ನಿಸಿದ. ಮೂರನೆಯ ಸಲ ಕೈ ಚಾಚಿ ನನ್ನ ಅಂಚು ಹಿಡಿದ, ಆಕೆ ಹಿಡಿಯುತ್ತಿದ್ದ ಜಾಗದಲ್ಲೇ, ತನ್ನ ಇಡೀ ಭಾರ ನನ್ನ ಮೇಲೆ ಹಾಕಿ ಎದ್ದ.

ನಾನು ಅಲುಗಲಿಲ್ಲ.